ಹಳೇ 35 ಎಚ್‌ಪಿ ಟ್ರ್ಯಾಕ್ಟರ್: ಎರಡನೇ ಗೇರು ಹಾರುತ್ತೆ, ರಿವರ್ಸ್ ಕರಕರ ಅನ್ನುತ್ತೆ, ಆಯಿಲ್ ಚಹಾ ಬಣ್ಣಕ್ಕೆ ತಿರುಗಿದೆ

ಎಡದಂಡೆ_ಕಾಲುವೆ:

ಗಂಗಾವತಿ ಕಡೆಯ ಗಾಡಿ. 35 ಎಚ್‌ಪಿ, ಮೂರು ಸಿಲಿಂಡರ್, ಮುಂದಕ್ಕೆ 6 ಹಿಂದಕ್ಕೆ 2. ಅಂದರೆ ಮೂರು ಗೇರಿನ ಒಂದು ಲಿವರ್, ಪಕ್ಕದಲ್ಲಿ ಹೈ-ಲೋ ಲಿವರ್. ಡಬಲ್ ಕ್ಲಚ್, ಡ್ರೈ ಬ್ರೇಕ್. ಗೇರ್‌ಬಾಕ್ಸ್‌ಗೂ ಹೈಡ್ರಾಲಿಕ್‌ಗೂ ಒಂದೇ ಆಯಿಲ್. ಗಂಟೆ ಮೀಟರ್ ಸತ್ತು ವರ್ಷಗಳಾಗಿವೆ, ಹಾಗಾಗಿ ಎಷ್ಟು ಗಂಟೆ ಓಡಿದೆ ಅಂತ ಕೇಳಬೇಡಿ. ಕೆಲಸ ಎರಡು ಥರ: ನಾಟಿ ಟೈಮಲ್ಲಿ ಕೇಜ್ ವೀಲ್ (ಕಬ್ಬಿಣದ ಪಂಜರದ ಚಕ್ರ) ಹಾಕಿ ಭತ್ತದ ಗದ್ದೆ ಪಡ್ಲಿಂಗ್ (ಕೆಸರು ಮಾಡೋದು), ಕೊಯ್ಲಾದ ಮೇಲೆ ಟ್ರಾಲಿ.

ತೊಂದರೆಗಳು ಇವು.

ಎರಡನೇ ಗೇರು ಹಾರಿ ನ್ಯೂಟ್ರಲ್‌ಗೆ ಬರುತ್ತೆ. ಲೋನಲ್ಲೂ ಹಾರುತ್ತೆ, ಹೈನಲ್ಲೂ ಹಾರುತ್ತೆ. ಎಳೆಯುವಾಗ ನಿಲ್ಲುತ್ತೆ; ಲೋಡ್ ಟ್ರಾಲಿ ಕಟ್ಟಿಕೊಂಡು ಕಾಲುವೆ ಏರಿಯಿಂದ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಲಿವರ್ ಎರಡು ಸಲ ನಡುಗಿ ಹೊರಗೆ ಬರುತ್ತೆ. ಒಂದು, ಮೂರು ಸರಿ ಇವೆ.

ನಿಂತಲ್ಲೇ ರಿವರ್ಸ್ ಅಥವಾ ಫಸ್ಟ್ ಹಾಕಿದರೆ ಕರಕರ. ಎಂಜಿನ್ ಆಫ್ ಮಾಡಿ ಹಾಕಿದರೆ ಬೆಣ್ಣೆ ಹಾಗೆ ಬೀಳುತ್ತೆ.

ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಒಳಗಿಂದ ಗುರ್ ಅನ್ನೋ ಶಬ್ದ. ಕ್ಲಚ್ ಅರ್ಧ ತುಳಿದರೆ ನಿಲ್ಲುತ್ತೆ.

ಡಿಪ್ ಸ್ಟಿಕ್ ಮೇಲೆ ಆಯಿಲ್ ಹಾಲು ಹಾಕಿದ ಚಹಾ ಥರ ಇದೆ. ಬಿಸಿಯಾದ ಮೇಲೆ ಲಿಫ್ಟ್ ಸ್ವಲ್ಪ ನಡುಗುತ್ತಾ ಏಳುತ್ತೆ.

ಒಬ್ಬ ಮೆಕ್ಯಾನಿಕ್ ಪೂರ್ತಿ ಗೇರ್‌ಬಾಕ್ಸ್ ಇಳಿಸಬೇಕು, ಎಲ್ಲಾ ಗೇರು ಹೊಸದು ಅಂದರು. ಇನ್ನೊಬ್ಬರು ಲಿವರ್‌ಗೆ ಟ್ಯೂಬ್ ರಬ್ಬರ್ ಕಟ್ಟಿ ಸೀಟಿಗೆ ಬಿಗಿದು ಓಡಿಸಿ ಅಂತಾರೆ. ನಿಜವಾಗಿ ಏನು ಬಿಚ್ಚಬೇಕು? ಆಯಿಲ್ ಯಾವುದು ಹಾಕಲಿ? 140 ನಂಬರ್ ದಪ್ಪ ಆಯಿಲ್ ಹಾಕಿದರೆ ಶಬ್ದ ಅಡಗುತ್ತೆ ಅಂತಾರಲ್ಲ?

—

ಹಳೇಪಾನಾ:

ಮೂರು ಬೇರೆ ಬೇರೆ ರೋಗ ಸೇರಿಕೊಂಡಿವೆ. ಒಂದೇ ಗಂಟು ಕಟ್ಟಿ ನೋಡಿದ್ದಕ್ಕೇ ಆ ಮೆಕ್ಯಾನಿಕ್‌ಗೆ 'ಎಲ್ಲಾ ಗೇರು ಹೊಸದು' ಅನ್ನಿಸಿರೋದು. ಒಂದು ಸ್ಪ್ಯಾನರ್ ಕೂಡ ಹಾಕದೆ ಅರ್ಧ ಉತ್ತರ ಸಿಗುತ್ತೆ, ಯಾಕಂದರೆ ಮುಖ್ಯವಾದ ಸುಳಿವನ್ನ ನೀವೇ ಕೊಟ್ಟಿದ್ದೀರಿ: ಲೋ 2 ಮತ್ತು ಹೈ 2 ಎರಡೂ ಹಾರುತ್ತೆ ಅನ್ನೋದು.

ಈ 6+2 ಪೆಟ್ಟಿಗೆ ಮೂಲದಲ್ಲಿ ಫರ್ಗ್ಯೂಸನ್ 35 ಕಾಲದ, ಅಂದರೆ 1950ರ ದಶಕದ ವಿನ್ಯಾಸ. ಮುಂದೆ ಮೂರು ಗೇರು ಒಂದು ರಿವರ್ಸಿನ ಸಾದಾ ಸ್ಲೈಡಿಂಗ್ ಗೇರ್‌ಬಾಕ್ಸ್. ಅದರ ಬೆನ್ನಿಗೆ ಎಪಿಸೈಕ್ಲಿಕ್ ಸೆಟ್ (ನಡುವಿನ ಗೇರಿನ ಸುತ್ತ ಸಣ್ಣ ಪ್ಲಾನೆಟ್ ಗೇರುಗಳು ಸುತ್ತುವ ಜೋಡಣೆ), ಲೋ ಹಾಕಿದಾಗ ವೇಗವನ್ನ ನಾಲ್ಕರಲ್ಲಿ ಒಂದಕ್ಕೆ ಇಳಿಸೋದು ಅದೇ. ಹೈ ಹಾಕಿದಾಗ ಕಪ್ಲರ್ ಹಿಂದಿನ ಶಾಫ್ಟನ್ನ ನೇರವಾಗಿ ಕೂಡಿಸುತ್ತೆ. ಲೋ ಆಗಲಿ ಹೈ ಆಗಲಿ, ಎರಡನೇ ಗೇರು ಅಂದರೆ ಮುಂದಿನ ಪೆಟ್ಟಿಗೆಯ ಅದೇ ಒಂದು ಜೋಡಿ. ಆದ್ದರಿಂದ ಎರಡರಲ್ಲೂ ಹಾರಿದರೆ ತಪ್ಪು ಮುಂದಿದೆ. ಹೈನಲ್ಲಿ ಮಾತ್ರ, ಅದೂ ಮೂರೂ ಗೇರಿನಲ್ಲಿ ಹಾರಿದ್ದರೆ ಕಪ್ಲರ್ ಹಲ್ಲು ಸವೆದಿದೆ ಅಂತ ಲೆಕ್ಕ. ಖಚಿತ ಬೇಕಾದರೆ, ಹಾರಿದ ಕ್ಷಣದಲ್ಲಿ ಯಾವ ಲಿವರ್ ನ್ಯೂಟ್ರಲ್‌ಗೆ ಬಂತು ಅಂತ ನೋಡಿ. ಇಷ್ಟು ನೋಡದೆ ಹಿಂದಿನ ಹೌಸಿಂಗ್ ಬಿಚ್ಚಿಸಿಕೊಂಡವರು ಬಹಳ ಜನ.

ಇಳಿಜಾರಲ್ಲೇ ಯಾಕೆ ಹಾರುತ್ತೆ? ಎಳೆಯುವಾಗ ಎಂಜಿನ್ ಚಕ್ರವನ್ನ ತಿರುಗಿಸುತ್ತೆ, ಇಳಿಯುವಾಗ ಚಕ್ರ ಎಂಜಿನ್ನನ್ನ ತಳ್ಳುತ್ತೆ. ಆಗ ಭಾರ ಗೇರ್ ಹಲ್ಲಿನ ಆಚೆ ಮುಖಕ್ಕೆ ಹೋಗುತ್ತೆ. ಸ್ಲೈಡಿಂಗ್ ಗೇರಿನಲ್ಲಿ ಹಲ್ಲಿನ ತುದಿ ಸವೆದು ಓರೆಯಾಗಿದ್ದರೆ, ಆ ಓರೆ ಮೇಲೆ ಬಿದ್ದ ಭಾರ ಗೇರನ್ನ ಪಕ್ಕಕ್ಕೆ ಜಾರಿಸುತ್ತೆ. ಬೆಣೆ ಥರ. ಅದನ್ನ ತಡೆಯೋಕೆ ಇರೋದು ಶಿಫ್ಟರ್ ರಾಡಿನ ಖಾಚಿಯಲ್ಲಿ ಕೂರುವ ಲಾಕ್ ಬಾಲು ಮತ್ತು ಅದರ ಸ್ಪ್ರಿಂಗು, ಅಷ್ಟೇ.

ಈಗ ಕೈ ಪರೀಕ್ಷೆ. ಖಾಲಿ ಟ್ರಾಲಿ, ಸಣ್ಣ ಇಳಿಜಾರು, ಲೋ 2. ಲಿವರ್ ಮೇಲೆ ಎರಡು ಬೆರಳು ಇಟ್ಟು ಆಕ್ಸಿಲರೇಟರ್ ಬಿಡಿ. ಎರಡು ಬೆರಳಿಗೇ ನಿಂತರೆ ಲಾಕ್ ಸ್ಪ್ರಿಂಗ್ ಸೋತಿದೆ ಅಥವಾ ಖಾಚಿ ಸವೆದಿದೆ, ಅದು ಮೇಲಿನ ಮುಚ್ಚಳ ತೆಗೆದರೆ ಮುಗಿಯುವ ಕೆಲಸ. ಅಂಗೈಯಲ್ಲಿ ಒತ್ತಿ ಹಿಡಿದರೂ ತಳ್ಳಿಕೊಂಡು ಬಂದರೆ ಗೇರ್ ಹಲ್ಲು ಅಥವಾ ಶಾಫ್ಟ್ ಬೇರಿಂಗ್. ಲೋಡ್ ಟ್ರಾಲಿಯಲ್ಲಿ, ಹೈ ಗೇರಿನಲ್ಲಿ ಈ ಪರೀಕ್ಷೆ ಮಾಡಲೇಬೇಡಿ. ಹಾರಿದರೆ ಎಂಜಿನ್ ತಡೆ ಹೋಗುತ್ತೆ, ಉಳಿಯೋದು ಹಳೇ ಡ್ರೈ ಬ್ರೇಕ್ ಒಂದೇ.

ಗುರ್ ಶಬ್ದ: ಡಬಲ್ ಕ್ಲಚ್ಚಿನಲ್ಲಿ ಅರ್ಧ ತುಳಿದಾಗ ಗೇರ್‌ಬಾಕ್ಸಿನ ಪ್ಲೇಟ್ ಬಿಡುತ್ತೆ, ಪೂರ್ತಿ ತುಳಿದಾಗ ಪಿಟಿಒ (ಹಿಂದೆ ಕಟ್ಟಿದ ಉಪಕರಣ ತಿರುಗಿಸುವ ಶಾಫ್ಟು) ಪ್ಲೇಟ್ ಬಿಡುತ್ತೆ. ಅರ್ಧಕ್ಕೇ ಶಬ್ದ ನಿಂತಿದೆ, ಆದ್ದರಿಂದ ಅದು ಇನ್‌ಪುಟ್ ಶಾಫ್ಟ್ ಅಥವಾ ಕೆಳಗಿನ ಕೌಂಟರ್ ಶಾಫ್ಟಿನ ಬೇರಿಂಗು. ಪೂರ್ತಿ ತುಳಿದಾಗ ಮಾತ್ರ ನಿಂತಿದ್ದರೆ ಪಿಟಿಒ ಕಡೆ ಹುಡುಕಬೇಕಿತ್ತು. ತುಳಿದಾಗಲೇ ಶುರುವಾಗಿದ್ದರೆ ರಿಲೀಸ್ ಬೇರಿಂಗ್ ಅಥವಾ ಫ್ಲೈವೀಲ್ ಒಳಗಿನ ಪೈಲಟ್ ಬೇರಿಂಗ್. ನಿಮ್ಮ ಶಬ್ದಕ್ಕೂ ಗೇರು ಹಾರೋದಕ್ಕೂ ನಂಟು ಇರಬಹುದು, ಯಾಕಂದರೆ ಬೇರಿಂಗ್ ಸಡಿಲಾದ ಶಾಫ್ಟು ಹಿಂದೆ ಮುಂದೆ ಆಡುತ್ತೆ, ಎರಡು ಗೇರು ಸಮಾನಾಂತರವಾಗಿ ಕೂರಲ್ಲ.

ಕರಕರ: ಎಂಜಿನ್ ಆಫ್ ಇದ್ದಾಗ ಸಲೀಸಾಗಿ ಬೀಳುತ್ತೆ ಅಂದರೆ ಫೋರ್ಕು (ಗೇರನ್ನ ಪಕ್ಕಕ್ಕೆ ತಳ್ಳುವ ಕವೆ), ರಾಡು, ಲಿವರಿನ ದೋಷ ಅಲ್ಲ. ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಐಡ್ಲಿಂಗಿನಲ್ಲಿ ಕ್ಲಚ್ ತುಳಿದು ಹತ್ತು ಎಣಿಸಿ ರಿವರ್ಸ್ ಹಾಕಿ ನೋಡಿ. ಹತ್ತು ಎಣಿಸಿದ ಮೇಲೂ ಉಜ್ಜಿದರೆ ಪ್ಲೇಟ್ ಅಂಟಿಕೊಂಡೇ ತಿರುಗುತ್ತಿದೆ. ಸಲೀಸಾಗಿ ಬಿದ್ದರೆ, ಇದು ಸಿಂಕ್ರೊಮೆಶ್ (ಗೇರುಗಳ ವೇಗವನ್ನ ತಾನೇ ಹೊಂದಿಸುವ ವ್ಯವಸ್ಥೆ) ಇಲ್ಲದ ಪೆಟ್ಟಿಗೆ, ಒಳಗಿನ ಗೇರುಗಳು ನಿಲ್ಲುವಷ್ಟು ಹೊತ್ತು ಕೊಟ್ಟರೆ ಸಾಕು.

ಮೊದಲು ಪೆಡಲ್ ಫ್ರೀ ಪ್ಲೇ ಅಳೆಯಿರಿ. ಕೈಯಿಂದ ಒತ್ತಿದಾಗ ಭಾರ ಸಿಗುವ ತನಕ ಪೆಡಲ್ ಎಷ್ಟು ದೂರ ಹೋಗುತ್ತೆ ಅಂತ ಸ್ಕೇಲ್ ಹಿಡಿದು ನೋಡಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಅಳತೆ ಇದ್ದರೆ ಅದೇ ಸರಿ, ಇಲ್ಲದಿದ್ದರೆ 20ರಿಂದ 25 ಮಿ.ಮೀ. ಇಟ್ಟುಕೊಳ್ಳಿ. ಜಾಸ್ತಿ ಇದ್ದರೆ ಕ್ಲಚ್ ಬಿಡಲ್ಲ, ಇಲ್ಲವೇ ಇಲ್ಲ ಅಂದರೆ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡು ಸುಡುತ್ತೆ, ಪ್ಲೇಟೂ ಜಾರುತ್ತೆ. ಪೆಡಲ್ ರಾಡಿನ ತುದಿಯ ಪಿನ್ನು ಮತ್ತು ಅದರ ತೂತು ಮೊಟ್ಟೆ ಆಕಾರಕ್ಕೆ ಸವೆದಿದ್ದರೆ ಎಷ್ಟು ಅಡ್ಜಸ್ಟ್ ಮಾಡಿದರೂ ವಾರದಲ್ಲಿ ಮತ್ತೆ ಅಲ್ಲೇ. ಮೊದಲು ಪಿನ್ ಬದಲಿಸಿ.

—

ಎರೆಹೊಲ:

ಟ್ಯೂಬ್ ರಬ್ಬರ್ ಕಟ್ಟೂದು ಮಾತ್ರ ಬ್ಯಾಡ್ರಿ. ಫೋರ್ಕಿನ ಮುಖಕ್ಕೂ ಗೇರಿನ ಸುತ್ತ ಕೊರೆದ ಕಾಲುವೆಗೂ ನಡುವ ಸಣ್ಣ ಸಂದು ಇರಬೇಕು. ಗೇರ್ ತಿರಗತೈತಿ, ಫೋರ್ಕ್ ತಿರಗೂದಿಲ್ಲ. ರಬ್ಬರ್ ಕಟ್ಟಿದ್ರ ಫೋರ್ಕ್ ದಿನಪೂರ್ತಿ ಗೇರಿಗೆ ಒತ್ತಿಕೊಂಡ ಉಜ್ಜತೈತಿ. ಹದಿನೈದ ದಿನದಾಗ ಫೋರ್ಕ್ ತಿಂದು ನೀಲಿ ಆಗತೈತಿ, ಆ ಪುಡಿ ಎಲ್ಲಾ ನಿಮ್ಮ ಹೈಡ್ರಾಲಿಕ್ ಪಂಪಿಗೆ. ಇವತ್ತ ಸ್ಪ್ರಿಂಗಿನ ಖರ್ಚು, ನಾಳೆ ಪಂಪಿನ ಖರ್ಚು.

ಇನ್ನೊಂದು ಸಣ್ಣದ್ದು ನೋಡ್ರಿ. ಲಿವರ್ ಎರಡನೇ ಗೇರಿಗೆ ಹಾಕಿದಾಗ ಸೀಟಿಗೋ, ಟೂಲ್ ಬಾಕ್ಸಿಗೋ, ಆಮ್ಯಾಲ ಹಾಕಿಸಿದ ಮ್ಯಾಟಿಗೋ ತಾಗತೈತೇನು? ಬಗ್ಗಿದ ಲಿವರ್ ಇದ್ರ ಗೇರ್ ಮುಕ್ಕಾಲು ಭಾಗ ಮಾತ್ರ ಒಳಗ ಹೋಗತೈತಿ, ಬಾಲು ಖಾಚಿಗೆ ಬೀಳೂದಿಲ್ಲ. ಗೇರ್ ಬಿದ್ದಾಗ ಕೈಗೆ 'ಟಕ್' ಅನ್ನೂದು ಗೊತ್ತಾಗಬೇಕು. ಒಂದು, ಮೂರರಾಗ ಆ ಟಕ್ ಐತಿ, ಎರಡರಾಗ ಇಲ್ಲ ಅಂದ್ರ ಲಿವರಿನ ಕೆಳಗಿನ ಗುಂಡು ತುದಿ, ಅದು ಕೂರೂ ತಗ್ಗು ಎರಡೂ ಸವದಿರತಾವು. ಅದನ್ನ ಲೇಥಿನ್ಯಾಗ ತುಂಬಿಸಿ ಉಜ್ಜಿಸಬಹುದು. ಗೇರ್‌ಬಾಕ್ಸ್ ಇಳಸೂದ ಬೇಕಾಗಿಲ್ಲ.

—

ಮಡ್ಡಿ_ಡಬ್ಬ:

ಆಯಿಲ್ ವಿಷಯ ನನಗೆ ಬಿಡಿ. ಚಹಾ ಬಣ್ಣ ಅಂದರೆ ನೀರು, ಬೇರೆ ಅರ್ಥ ಇಲ್ಲ. ಗಟ್ಟಿ ಮಾಡಿಕೊಳ್ಳಬೇಕಾದರೆ ತವಾ ಕಾಯಿಸಿ ಒಂದೇ ಹನಿ ಬಿಡಿ. ಚಟಪಟ ಅಂದರೆ ನೀರು. ಸುಮ್ಮನೆ ಹೊಗೆಯಾಡಿದರೆ ಬರೀ ಆಯಿಲ್. ದೂರ ನಿಲ್ಲಿ, ಸಿಡಿಯುತ್ತೆ.

ಎಲ್ಲಿಂದ ಬರುತ್ತೆ? ಕೇಜ್ ವೀಲ್ ಹಾಕಿ ಕೆಸರಲ್ಲಿ ಇಳಿದಾಗ ಆಕ್ಸಲ್ಲಿನ ಹೊರ ಸೀಲುಗಳು ನೀರಿನ ಮಟ್ಟದಲ್ಲೇ ಇರುತ್ತವೆ, ಹಿಂದಿನ ಪಿಟಿಒ ಶಾಫ್ಟಿನ ಸೀಲೂ ಅಷ್ಟೇ. ಕೆಲಸ ಮಾಡುವಾಗ ಬಿಸಿಯಾದ ಹೌಸಿಂಗು ಕಾಲುವೆ ನೀರಲ್ಲಿ ತಣ್ಣಗಾದ ತಕ್ಷಣ ಒಳಗಿನ ಗಾಳಿ ಕುಗ್ಗುತ್ತೆ. ಬ್ರೀದರ್ (ಹೌಸಿಂಗಿನ ಗಾಳಿ ಆಡುವ ತೂತು) ಮಣ್ಣು ತುಂಬಿ ಕಟ್ಟಿಕೊಂಡಿದ್ದರೆ ಆ ಎಳೆತ ಸೀಲಿನ ತುಟಿಯ ಮೂಲಕ ನೀರನ್ನೇ ಹೀರುತ್ತೆ. ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಬಾಯಿಂದ ಊದಿ ನೋಡಿ, ಎರಡು ನಿಮಿಷದ ಕೆಲಸ. ಮೇಲಿನಿಂದ ಬರುವ ದಾರಿ ಗೇರ್ ಲಿವರಿನ ರಬ್ಬರ್ ಬೂಟು. ಹರಿದಿದ್ದರೆ ಮಳೆ ನೀರೂ ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ನೂ ಸೀದಾ ಒಳಗೆ. ಗದ್ದೆ ಅಂಚಲ್ಲಿ ಪಂಪ್‌ಸೆಟ್ ಪೈಪ್ ಹಿಡಿದು ಲಿವರ್ ಬುಡಕ್ಕೆ ನೀರು ಬಿಡೋ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ತೆಗೆಯೋದು ಹೀಗೆ. ಗಾಡಿ ಒಂದು ದಿನ ಪೂರ್ತಿ ಅಲ್ಲಾಡದೆ ನಿಂತಿರಲಿ. ಡ್ರೇನ್ ಬೋಲ್ಟ್ ಪೂರ್ತಿ ಬಿಚ್ಚದೆ ಎರಡು ಸುತ್ತು ಸಡಿಲಿಸಿ. ಬಿಡಿಯಾಗಿ ನಿಂತ ನೀರು ಮೊದಲು ಇಳಿಯುತ್ತೆ, ಅದನ್ನ ಪಾರದರ್ಶಕ ಬಾಟಲಿಯಲ್ಲಿ ಹಿಡಿಯಿರಿ. ಆಯಿಲ್ ಬರೋಕೆ ಶುರುವಾದಾಗ ಬಿಗಿ ಮಾಡಿ. ಆಮೇಲೆ ಗಾಡಿಯನ್ನ ಅರ್ಧ ಗಂಟೆ ಓಡಿಸಿ, ಲಿಫ್ಟನ್ನ ಹತ್ತಾರು ಸಲ ಎತ್ತಿ ಇಳಿಸಿ, ಬಿಸಿ ಇರುವಾಗಲೇ ಪೂರ್ತಿ ಹರಿಸಿ. ಗೇರ್‌ಬಾಕ್ಸ್ ಕೆಳಗೊಂದು, ಹಿಂದೆ ಡಿಫರೆನ್ಷಿಯಲ್ ಕೆಳಗೊಂದು, ಹೀಗೆ ಬೋಲ್ಟ್ ಒಂದಕ್ಕಿಂತ ಹೆಚ್ಚು ಇರುತ್ತವೆ. ಒಂದನ್ನೇ ಬಿಚ್ಚಿದರೆ ತಗ್ಗಿನಲ್ಲಿ ಹಳೇ ಮಡ್ಡಿ ಹಾಗೇ ಉಳಿಯುತ್ತೆ. ಕೆಳಗೆ ದೊಡ್ಡ ಪಾತ್ರೆ ಇಟ್ಟುಕೊಳ್ಳಿ, ಈ ಥರದ ಹೌಸಿಂಗಿನಲ್ಲಿ ಸುಮಾರು 30 ಲೀಟರ್ ಇರುತ್ತೆ.

ಬರೀ ಡೀಸೆಲ್ ತುಂಬಿ ಎಂಜಿನ್ ಸ್ಟಾರ್ಟ್ ಮಾಡಿ ತೊಳೆಯೋರು ಇದ್ದಾರೆ. ನಿಮ್ಮ ಗಾಡಿಯಲ್ಲಿ ಹೈಡ್ರಾಲಿಕ್ ಪಂಪು ಅದೇ ಆಯಿಲ್‌ನಲ್ಲಿ ಮುಳುಗಿ ಓಡುತ್ತೆ, ಡೀಸೆಲ್‌ನಲ್ಲಿ ಜಾರಿಕೆ ಇಲ್ಲದೆ ಗೀರು ಬೀಳುತ್ತೆ. ಅದರ ಬದಲು ಅಗ್ಗದ ಹೊಸ ಆಯಿಲ್ ತುಂಬಿ, ಎರಡು ಮೂರು ಗಂಟೆ ಹಗುರ ಕೆಲಸ ಮಾಡಿಸಿ, ಬಿಸಿಯಲ್ಲೇ ಹರಿಸಿ, ಆಮೇಲೆ ಒಳ್ಳೇದನ್ನ ಹಾಕಿ. ನಡುವೆ ಹೈಡ್ರಾಲಿಕ್ ಜಾಳಿ ಅಥವಾ ಫಿಲ್ಟರ್ ತೆಗೆದು ತೊಳೆಯಿರಿ. ಲಿಫ್ಟ್ ನಡುಗೋದಕ್ಕೆ ಆ ಜಾಳಿಗೆ ಅಂಟಿದ ಮಡ್ಡಿಯೇ ಕಾರಣ ಇರಬಹುದು.

140 ಬೇಡ. ದಪ್ಪ ಆಯಿಲ್ ಶಬ್ದವನ್ನ ಕಂಬಳಿ ಹೊದಿಸಿದ ಹಾಗೆ ಮುಚ್ಚುತ್ತೆ, ಬೇರಿಂಗನ್ನ ಸರಿ ಮಾಡಲ್ಲ. ಒಂದೇ ಆಯಿಲ್ ಹೈಡ್ರಾಲಿಕ್‌ಗೂ ಹೋಗೋದರಿಂದ ಬೆಳಗಿನ ಚಳಿಯಲ್ಲಿ ಪಂಪು ಅದನ್ನ ಎಳೆಯಲಾರದೆ ಗಾಳಿ ಹೀರಿ ಕೂಗುತ್ತೆ. ಪುಸ್ತಕದಲ್ಲಿ 90 ಅಂತ ಇದ್ದರೆ 90. ಗೇರ್ ಆಯಿಲ್‌ನ 90ಕ್ಕೆ ಹೆದರಬೇಡಿ, ಅದು ಎಂಜಿನ್ ಆಯಿಲ್‌ನ 40-50ರ ದಪ್ಪದ ಆಸುಪಾಸು. ಎರಡರ ಅಳತೆಗೋಲು ಬೇರೆ, ಅಷ್ಟೇ. ಡಬ್ಬದ ಮೇಲೆ ಜಿಎಲ್-4 ಅಂತ ಇರೋದನ್ನ ಕೇಳಿ. ಜಿಎಲ್-5ರಲ್ಲಿ ಗಂಧಕ-ರಂಜಕದ ಮಿಶ್ರಣ ಹೆಚ್ಚು, ಕಾದಾಗ ಕಂಚಿನ ಬುಷ್ಷು, ಹಿತ್ತಾಳೆ ವಾಷರುಗಳನ್ನ ತಿನ್ನುತ್ತೆ. ನಂಬರ್ ದೊಡ್ಡದು ಅಂತ ಅಂಗಡಿಯವರು 'ಇದು ಇನ್ನೂ ಒಳ್ಳೇದು' ಅಂತ ಕೊಡ್ತಾರೆ, ತಗೋಬೇಡಿ. ಆಯಿಲ್ ಬ್ರೇಕ್ ಇರುವ ಗಾಡಿಯವರು ಇದನ್ನ ಓದುತ್ತಿದ್ದರೆ: ನಿಮ್ಮದಕ್ಕೆ ಸಾದಾ 90 ಬೇಡ, ವೆಟ್ ಬ್ರೇಕ್ ಆಯಿಲ್ಲೇ ಬೇಕು. ಇಲ್ಲದಿದ್ದರೆ ಬ್ರೇಕ್ ಕಿರುಚುತ್ತೆ.

ಹರಿಸಿದ ಆಯಿಲ್ ಕಾಲುವೆಗೆ ಬಿಡಬೇಡಿ. ಹಳೇ ಆಯಿಲ್ ಕೊಳ್ಳೋರು ಎಲ್ಲಾ ಊರಲ್ಲೂ ಇದ್ದಾರೆ.

—

ಎಡದಂಡೆ_ಕಾಲುವೆ:

ಎಲ್ಲರಿಗೂ ಧನ್ಯವಾದ. ಹೇಳಿದ್ದನ್ನ ಮಾಡಿ ನೋಡಿದ ಫಲಿತಾಂಶ:

ಪೆಡಲ್ ಫ್ರೀ ಪ್ಲೇ 60 ಮಿ.ಮೀ. ಇತ್ತು, ಪಿನ್ ಸವೆದಿತ್ತು. ಹೊಸ ಪಿನ್ ಹಾಕಿ 25ಕ್ಕೆ ತಂದ ಮೇಲೆ ಐದು ಎಣಿಸಿ ಹಾಕಿದರೆ ರಿವರ್ಸ್ ಸದ್ದಿಲ್ಲದೆ ಬೀಳುತ್ತೆ.

ಲಿವರ್ ಯಾವುದಕ್ಕೂ ತಾಗಲ್ಲ, ಟಕ್ ಇದೆ. ಆದರೆ ಕೈ ಪರೀಕ್ಷೆಯಲ್ಲಿ ಅಂಗೈಯನ್ನೂ ತಳ್ಳಿಕೊಂಡು ಬಂತು.

ಡ್ರೇನ್‌ನಲ್ಲಿ ಮೊದಲು ಅರ್ಧ ಲೀಟರ್ ಹತ್ತಿರ ಬರೀ ನೀರು. ಲಿವರ್ ಬೂಟು ಬುಡದಲ್ಲಿ ಸುತ್ತಲೂ ಹರಿದಿದೆ, ಬ್ರೀದರ್ ಕಟ್ಟಿತ್ತು. ಆಯಿಲ್ ಒಳಗೆ ಮ್ಯಾಗ್ನೆಟ್ ಆಡಿಸಿದರೆ ಬೂದು ಬಣ್ಣದ ಪೇಸ್ಟು, ಜೊತೆಗೆ ಉಗುರು ಕತ್ತರಿಸಿದ ಚೂರಿನಂಥ ಎರಡು ತುಣುಕು.

ಈಗ ಮುಚ್ಚಳ ತೆಗೆಯೋದೇ ಅನ್ಕೊಂಡಿದ್ದೀನಿ. ಏನೇನು ನೋಡಬೇಕು?

—

ಹಳೇಪಾನಾ:

ಪೇಸ್ಟ್ ಸಹಜ, ಸ್ಲೈಡಿಂಗ್ ಗೇರ್ ಅಷ್ಟು ಉದುರಿಸುತ್ತೆ. ಆ ಎರಡು ತುಣುಕನ್ನ ತೊಳೆದು ಬಿಸಿಲಿಗೆ ಹಿಡಿದು ನೋಡಿ. ಒಂದು ಬದಿ ಹೊಳಪು, ಇನ್ನೊಂದು ಬದಿ ಒರಟು ಮುರುಕು ಇದ್ದರೆ ಹಲ್ಲಿನ ತುದಿಯ ಚೂರು. ತೆಳ್ಳಗೆ, ಸ್ವಲ್ಪ ಬಾಗಿದ್ದು, ಒಂದು ಮೈ ಕನ್ನಡಿ ಥರ ಇದ್ದರೆ ಬೇರಿಂಗ್ ರೇಸಿನ (ಅದರ ಉಕ್ಕಿನ ಬಳೆಯ) ಹಕ್ಕಳೆ. ಸೂಜಿಯಂಥ ಸಣ್ಣ ರೋಲರ್ ಸಿಕ್ಕಿದ್ದರೆ ಮಾತೇ ಬೇರೆ ಇತ್ತು, ಅದು ಎಪಿಸೈಕ್ಲಿಕ್ ಪ್ಲಾನೆಟ್ ಗೇರಿನೊಳಗಿನದು, ಆಗ ಹಿಂದಿನ ಹೌಸಿಂಗ್ ಬೇರ್ಪಡಿಸದೆ ದಾರಿ ಇಲ್ಲ. ಕಂಚಿನ ಮಿನುಗು ಮ್ಯಾಗ್ನೆಟ್‌ಗೆ ಅಂಟಲ್ಲ, ಅದನ್ನ ಬಿಳಿ ಬಟ್ಟೆಯಲ್ಲಿ ಸೋಸಿ ಹುಡುಕಬೇಕು.

ಮುಚ್ಚಳ ತೆಗೆಯೋ ಮುಂಚೆ ಸುತ್ತಲಿನ ಮಣ್ಣನ್ನ ಬ್ರಷ್ಷಲ್ಲಿ ಕೆರೆದು ಡೀಸೆಲ್ ಬಟ್ಟೆಯಿಂದ ಒರೆಸಿ. ನೀರು ಹಾಕಬೇಡಿ. ಕೆಲವು ಮಾದರಿಗಳಲ್ಲಿ ಸ್ಟೇರಿಂಗ್ ಪೆಟ್ಟಿಗೆಯನ್ನ ಮೊದಲು ಸರಿಸಬೇಕು. ಬ್ಯಾಟರಿಯ ನೆಗೆಟಿವ್ ತೆಗೆದಿಡಿ, ನ್ಯೂಟ್ರಲ್ ಸ್ವಿಚ್ಚಿನ ವೈರ್ ಎಲ್ಲಿತ್ತು ಅಂತ ಮೊಬೈಲಲ್ಲಿ ಫೋಟೊ ತಗೊಳ್ಳಿ. ತೆರೆದ ಕೂಡಲೇ ಒಳಗಿನ ಸಂದುಗಳಿಗೆ ನಾರು ಬಿಡದ ಬಟ್ಟೆ ತುರುಕಿ, ಬಾಲು, ಸ್ಪ್ರಿಂಗು ಕೆಳಗೆ ಬಿದ್ದರೆ ಹುಡುಕೋದು ನರಕ.

ನೋಡುವ ಕ್ರಮ ನನ್ನ ಪ್ರಕಾರ ಹೀಗಿರಲಿ. ಫೋರ್ಕ್ ರಾಡಿಗೆ ಬಿಗಿದಿರುವ ಸ್ಕ್ರೂ ಮತ್ತು ಅದರ ಲಾಕ್ ವೈರ್. ವೈರ್ ಕಡಿದು ಸ್ಕ್ರೂ ಅರ್ಧ ಸುತ್ತು ಸಡಿಲಾಗಿದ್ದರೂ ರಾಡು ಪೂರ್ತಿ ಹೋಗುತ್ತೆ, ಫೋರ್ಕು ಹೋಗಲ್ಲ. ಕೈಗೆ ಟಕ್ ಸಿಗುತ್ತೆ, ಗೇರು ಮಾತ್ರ ಅರೆಬರೆ. ನಿಮ್ಮ ಲಕ್ಷಣಕ್ಕೆ ಇದು ಚೆನ್ನಾಗಿ ಹೊಂದುತ್ತೆ, ಅದಕ್ಕೇ ಮೊದಲು ಹೇಳಿದ್ದು. ಇದು ಸರಿ ಇದ್ದರೆ ಫೋರ್ಕ್ ಮುಖ ಮತ್ತು ಗೇರ್ ಕಾಲುವೆಯ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. 1 ಮಿ.ಮೀ. ದಾಟಿದ್ದರೆ ಫೋರ್ಕ್ ಬದಲಿಸೋದು ಅನ್ನೋದು ನಮ್ಮ ವರ್ಕ್‌ಶಾಪಿನ ಕೈ ಲೆಕ್ಕ.

ಆಮೇಲೆ ಹಲ್ಲು. ಎರಡನೇ ಗೇರ್ ಹಾಕಿ ಸೀದಾ ಮೇಲಿನಿಂದ ನೋಡಿ: ಎರಡೂ ಗೇರಿನ ಅಂಚು ಒಂದೇ ಗೆರೆಗೆ ಬಂದಿವೆಯಾ? ಒಂದು 3-4 ಮಿ.ಮೀ. ಹಿಂದೆ ನಿಂತಿದ್ದರೆ ಫೋರ್ಕ್ ಬಗ್ಗಿದೆ ಅಥವಾ ಸವೆದಿದೆ. ಟಾರ್ಚ್ ಹಿಡಿದು ಹಲ್ಲಿನ ಹೊಳಪು ನೋಡಿ. ಹೊಳಪು ಹಲ್ಲಿನ ಉದ್ದಕ್ಕೂ ಇದ್ದರೆ ಗೇರು ಪೂರ್ತಿ ಕೂತು ಓಡಿದೆ. ಅರ್ಧ ಉದ್ದ ಹೊಳಪು, ಮಧ್ಯದಲ್ಲಿ ಉಗುರಿಗೆ ತಾಗುವ ಮೆಟ್ಟಿಲು, ಉಳಿದರ್ಧ ಮಂಕಾಗಿದ್ದರೆ ವರ್ಷಗಳಿಂದ ಅರ್ಧವೇ ಕೂತು ಓಡಿದೆ ಅಂತ. ಆ ಮೆಟ್ಟಿಲು ಬಿದ್ದ ಮೇಲೆ ಹೊಸ ಫೋರ್ಕ್ ಹಾಕಿದರೂ ಗೇರ್ ಹಳೇ ಜಾಗಕ್ಕೇ ಜಾರುತ್ತೆ. ಗೇರು ಬದಲಿಸಲೇಬೇಕು, ಅದೂ ಜೋಡಿಯಾಗಿ. ಹೊಸದೊಂದು ಹಳೇದೊಂದು ಹಾಕಿದರೆ ಕೂಗುತ್ತೆ, ಹೊಸದೂ ಬೇಗ ಹಾಳು.

ಬೇರಿಂಗ್ ಆಟ ನೋಡೋಕೆ ಶಾಫ್ಟಿನ ಕೆಳಗೆ ಮರದ ತುಂಡು ಅಥವಾ ಹಿತ್ತಾಳೆ ಸರಳು ಕೊಟ್ಟು ಮೆಲ್ಲಗೆ ಎತ್ತಿ. ಕಣ್ಣಿಗೆ ಕಾಣುವಷ್ಟು ಎದ್ದರೆ ಬೇರಿಂಗ್ ಹೋಗಿದೆ, ಡಯಲ್ ಗೇಜಿಗೆ ಕಾಯೋದೇ ಬೇಡ. ಹಿಂದೆ ಮುಂದೆಯೂ ತಳ್ಳಿ ನೋಡಿ. ಗುರ್ ಶಬ್ದ ಇರೋದರಿಂದ ನನ್ನ ಅನುಮಾನ ಇಲ್ಲೇ ಜಾಸ್ತಿ. ಬೇರಿಂಗನ್ನ ಟ್ರ್ಯಾಕ್ಟರ್ ಹೆಸರು ಹೇಳಿ ಕೇಳಬೇಡಿ, ರೇಸ್ ಮೇಲೆ ಕೆತ್ತಿರುವ ನಂಬರ್ ಬರಕೊಂಡು ಬೇರಿಂಗ್ ಅಂಗಡಿಗೆ ಹೋಗಿ. ಉದಾಹರಣೆಗೆ 6207 ಅಂದರೆ ಒಳ ವ್ಯಾಸ 35, ಹೊರ ವ್ಯಾಸ 72, ಅಗಲ 17 ಮಿ.ಮೀ., ಯಾವ ಕಂಪನಿಯದ್ದಾದರೂ ಅಳತೆ ಅದೇ. ನಂಬರಿನ ನಂತರ ಬರುವ ಅಕ್ಷರಗಳನ್ನೂ ಬಿಡಬೇಡಿ, ಒಳ ಸಂದಿನ ಲೆಕ್ಕ ಅಲ್ಲಿರುತ್ತೆ.

—

ವೆಲ್ಡಿಂಗ್_ಕಿಡಿ:

ಫೋರ್ಕಿಗೆ ಹೊಸದೇ ಯಾಕೆ? ಸವೆದ ಮುಖಕ್ಕೆ ಹಿತ್ತಾಳೆ ಬ್ರೇಜಿಂಗ್ ತುಂಬಿಸಿ ಫೈಲ್ ಮಾಡಿದರೆ ಕಾಲು ಭಾಗದ ಖರ್ಚಲ್ಲಿ ಆಗುತ್ತೆ. ಹಳೇ ಗಾಡಿಗಳಿಗೆ ಪಾರ್ಟ್ ಸಿಗೋದೂ ಕಷ್ಟ.

—

ಹಳೇಪಾನಾ:

ಪಾರ್ಟ್ ಸಿಗದ ಗಾಡಿಗೆ ಒಪ್ಪುತ್ತೇನೆ, ಆದರೆ ಎರಡು ಷರತ್ತು. ಬ್ರೇಜಿಂಗ್ ಮಾಡುವಾಗ ಫೋರ್ಕಿನ ಎರಡು ಕಾಲು ಕಾವಿಗೆ ಬಾಗುತ್ತವೆ. ಸಮತಟ್ಟಾದ ಗಾಜಿನ ಮೇಲಿಟ್ಟು ಎರಡೂ ಕಾಲು ಒಂದೇ ಮಟ್ಟಕ್ಕಿವೆಯಾ, ರಾಡಿನ ತೂತಿಗೆ ಲಂಬವಾಗಿವೆಯಾ ಅಂತ ಮೂಲೆಮಟ್ಟ ಹಿಡಿದು ನೋಡಬೇಕು. ಒಂದು ಕಾಲು ಮಾತ್ರ ತಾಗಿದರೆ ಗೇರು ಸೊಟ್ಟಗೆ ತಳ್ಳಿಸಿಕೊಳ್ಳುತ್ತೆ, ವಾರದಲ್ಲಿ ಆ ಕಾಲು ಖಾಲಿ. ಎರಡನೆಯದು, ತುಂಬಿದ ಮುಖ ಗೇರಿನ ಕಾಲುವೆಯಲ್ಲಿ ಸುತ್ತಲೂ ಸಡಿಲವಾಗಿ ಆಡಬೇಕು. ಬಿಗಿಯಾಗಿ ಕೂತರೆ ಟ್ಯೂಬ್ ರಬ್ಬರ್ ಕಟ್ಟಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. 35 ಎಚ್‌ಪಿಯ ಈ ಪೆಟ್ಟಿಗೆಗೆ ಫೋರ್ಕು ಇನ್ನೂ ಸಿಗುತ್ತೆ, ಹಾಗಾಗಿ ನಾನು ಹೊಸದನ್ನೇ ಹಾಕೋದು.

ಗೇರ್ ಹಲ್ಲಿಗೆ ವೆಲ್ಡಿಂಗ್ ಮಾತ್ರ ಬೇಡವೇ ಬೇಡ. ಹಲ್ಲಿನ ಮೇಲ್ಮೈಯನ್ನ ಕಾಯಿಸಿ ಗಟ್ಟಿ ಮಾಡಿರ್ತಾರೆ. ವೆಲ್ಡ್ ಮಾಡಿದ ಕಡೆ ಪಕ್ಕದ ಲೋಹ ಮೆತ್ತಗಾಗಿ, ಭಾರ ಬಿದ್ದಾಗ ಹಲ್ಲು ಬುಡಸಮೇತ ಹಾರುತ್ತೆ. ಆ ಹಲ್ಲು ಇನ್ನೆರಡು ಗೇರಿನ ನಡುವೆ ಸಿಕ್ಕರೆ ಹೌಸಿಂಗೇ ಸೀಳುತ್ತೆ.

—

ಎರೆಹೊಲ:

ಮುಚ್ಚಳ ತಗದೀರಿ ಅಂದ್ರ ಲಾಕ್ ಸ್ಪ್ರಿಂಗ್ ಹ್ಯಾಂಗಿದ್ರೂ ಹೊಸಾವ ಹಾಕ್ರಿ, ಚಹಾ ಕುಡಿಯೂ ರೊಕ್ಕದಾಗ ಬರತಾವು. ಹಳೇದು ಸೋತಾವೋ ಇಲ್ಲೋ ತಿಳೀಬೇಕಂದ್ರ ವೈಸಿನ್ಯಾಗ ಹಳೇ ಸ್ಪ್ರಿಂಗ್, ಹೊಸಾ ಸ್ಪ್ರಿಂಗ್ ಒಂದಕ್ಕೊಂದು ಎದುರುಬದುರು ಇಡ್ರಿ, ನಡುವ ಒಂದು ವಾಷರ್. ವೈಸ್ ಮೆಲ್ಲಕ ತಿರುವ್ರಿ. ಎರಡರ ಮ್ಯಾಲೂ ಬೀಳೂ ಭಾರ ಒಂದ. ಯಾವುದು ಜಾಸ್ತಿ ಕುಗ್ಗತೈತಿ ಅದು ಸೋತದ್ದು. ಬಾಲ್ ಮ್ಯಾಲ ಚಪ್ಪಟೆ ಗುರುತು ಇದ್ರ ಬಾಲೂ ಬದಲಿ. ರಾಡಿನ ಖಾಚಿ ಅಂಚು ಬೆರಳಿಗೆ ಚೂಪ ಹತ್ತಬೇಕು, ಉರುಟ ಆಗಿದ್ರ ಬಾಲು ಜಾರತೈತಿ. ಸ್ಪ್ರಿಂಗಿನ ಕೆಳಗ ವಾಷರ್ ಹಾಕಿ ಬಿಗಿ ಮಾಡೂದು ಒಂದು ಸೀಸನ್ ತಳ್ಳತೈತಿ ಖರೆ, ಆದ್ರ ಭಾಳ ಹಾಕಿದ್ರ ಸ್ಪ್ರಿಂಗ್ ಪೂರಾ ಕೂತು ಗೇರ್ ಬೀಳೂದ ಇಲ್ಲ.

—

ಎಡದಂಡೆ_ಕಾಲುವೆ:

ತೆರೆದು ನೋಡಿದೆ. ಲಾಕ್ ವೈರ್ ಗಟ್ಟಿ ಇದೆ. ಫೋರ್ಕ್ ಸಂದು 1.4 ಮಿ.ಮೀ. ಎರಡನೇ ಗೇರಿನ ಹಲ್ಲಿನ ಮೇಲೆ ಹೊಳಪು ಮುಕ್ಕಾಲು ಉದ್ದ, ಮೆಟ್ಟಿಲು ಉಗುರಿಗೆ ತಾಗುತ್ತೆ, ಎರಡು ಹಲ್ಲಿನ ತುದಿ ಮುರಿದಿದೆ. ಇನ್‌ಪುಟ್ ಕಡೆಯ ಬೇರಿಂಗ್ ಎತ್ತಿದರೆ ಕಾಣುವಂತೆ ಆಡುತ್ತೆ. ಒಂದು, ಮೂರು, ರಿವರ್ಸ್ ಹಲ್ಲುಗಳು ಚೆನ್ನಾಗಿವೆ. ಅಂದರೆ ಗೇರ್‌ಬಾಕ್ಸನ್ನ ಎಂಜಿನ್ನಿಂದ ಬೇರ್ಪಡಿಸಲೇಬೇಕಾ?

—

ಹಳೇಪಾನಾ:

ಬೇಕು. ಇನ್‌ಪುಟ್ ಶಾಫ್ಟು ಮುಂದಿನಿಂದಲೇ ಬರೋದು. ಆದರೆ ಪಟ್ಟಿ ಎಷ್ಟು ಚಿಕ್ಕದಾಯ್ತು ನೋಡಿ: ಎರಡನೇ ಗೇರಿನ ಜೋಡಿ, ಒಂದು ಫೋರ್ಕು, ಸ್ಪ್ರಿಂಗು-ಬಾಲು, ಇನ್‌ಪುಟ್ ಮತ್ತು ಕೌಂಟರ್ ಶಾಫ್ಟ್ ಬೇರಿಂಗುಗಳು, ಸೀಲುಗಳು, ಲಿವರ್ ಬೂಟು. ಹಿಂದಿನ ಎಪಿಸೈಕ್ಲಿಕ್ ಮುಟ್ಟೋದು ಬೇಡ.

ಬೇರ್ಪಡಿಸುವಾಗ ಮುಂದಿನ ಆಕ್ಸಲ್ಲಿನ ಎರಡೂ ಬದಿಗೆ, ಆಕ್ಸಲ್ಲಿಗೂ ಅದರ ಬ್ರಾಕೆಟ್ಟಿಗೂ ನಡುವೆ ಗಟ್ಟಿ ಮರದ ಬೆಣೆ ಬಡಿಯಿರಿ. ಆಕ್ಸಲ್ ನಡುವಿನ ಒಂದೇ ಪಿನ್ ಮೇಲೆ ಆಡುತ್ತೆ. ಬೆಣೆ ಇಲ್ಲದಿದ್ದರೆ ಬೋಲ್ಟ್ ಬಿಟ್ಟ ಕ್ಷಣ ಎಂಜಿನ್ ಪಕ್ಕಕ್ಕೆ ಮಗುಚುತ್ತೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು, ಗೇರ್‌ಬಾಕ್ಸ್ ಕೆಳಗೆ ಕಬ್ಬಿಣದ ಸ್ಟ್ಯಾಂಡು, ಎಂಜಿನ್ ಕೆಳಗೆ ಟ್ರಾಲಿ ಜಾಕ್. ಬರೀ ಹೈಡ್ರಾಲಿಕ್ ಜಾಕ್ ನಂಬಿ ಕೈ ಒಳಗೆ ಹಾಕಬೇಡಿ. ಮಣ್ಣು ನೆಲದಲ್ಲಿ ಈ ಕೆಲಸ ಬೇಡ, ಕಾಂಕ್ರೀಟ್ ಕಣ ಇದ್ದರೆ ಅಲ್ಲೇ ಮಾಡಿ.

ಬೇರೆಯಾದ ಮೇಲೆ ಕ್ಲಚ್ಚನ್ನ ನೋಡದೆ ಜೋಡಿಸಬೇಡಿ. ಪೈಲಟ್ ಬೇರಿಂಗ್ ಬೆರಳಲ್ಲಿ ತಿರುಗಿಸಿ, ಮರಳು ಅರೆದ ಹಾಗೆ ಅನ್ನಿಸಿದರೆ ಬದಲಿಸಿ. ಪ್ಲೇಟಿನ ಹಬ್ಬು ಶಾಫ್ಟಿನ ಸ್ಪ್ಲೈನ್ (ಉದ್ದುದ್ದ ಹಲ್ಲುಗಳು) ಮೇಲೆ ತುಕ್ಕಿಲ್ಲದೆ ಜಾರಬೇಕು. ಕ್ರ್ಯಾಂಕ್ ಹಿಂದಿನ ಸೀಲ್, ಇನ್‌ಪುಟ್ ಶಾಫ್ಟ್ ಸೀಲ್ ಎರಡೂ ಹೊಸದು. ಮುಂದೆ ಯಾವುದು ಸೋರಿದರೂ ಕ್ಲಚ್ ಹೌಸಿಂಗ್ ಕೆಳಗಿನ ತೂತಿನಲ್ಲಿ ಗೊತ್ತಾಗುತ್ತೆ. ಕಪ್ಪು ಬಂದರೆ ಎಂಜಿನ್ ಆಯಿಲ್, ಗಂಧಕದ ವಾಸನೆಯ ತಿಳಿ ಆಯಿಲ್ ಬಂದರೆ ಗೇರ್‌ಬಾಕ್ಸಿನದು. ಆ ತೂತಿನ ಕಾಟರ್ ಪಿನ್ ಅಲ್ಲಾಡುತ್ತಿರಲಿ, ಮಣ್ಣು ಕಟ್ಟದಿರಲಿ ಅಂತಲೇ ಅದನ್ನ ಇಟ್ಟಿರೋದು. ಡಬಲ್ ಕ್ಲಚ್ಚಿನ ಮೂರೂ ಫಿಂಗರ್ (ಕ್ಲಚ್ ಬಿಡಿಸುವ ಸಣ್ಣ ಲಿವರ್) ಒಂದೇ ಎತ್ತರಕ್ಕೆ, ಪಿಟಿಒ ಕಡೆಯ ಮೂರೂ ಬೋಲ್ಟಿನ ಸಂದು ಒಂದೇ ಅಳತೆಗೆ, ಪುಸ್ತಕದ ಪ್ರಕಾರ. ಒಂದು ಫಿಂಗರ್ ಕೆಳಗಿದ್ದರೂ ಪ್ಲೇಟ್ ಒಂದು ಬದಿ ಎಳೆದು ಕರಕರ ವಾಪಸ್.

ಜೋಡಿಸುವಾಗ ಜನ ಮರೆಯುವುದು ಎರಡು ರಾಡುಗಳ ನಡುವಿನ ಇಂಟರ್‌ಲಾಕ್ ಪಿನ್. ಬಟಾಣಿಗಿಂತ ದೊಡ್ಡದಲ್ಲ, ರಾಡ್ ಎಳೆದಾಗ ಸದ್ದಿಲ್ಲದೆ ಬಿದ್ದು ಹೋಗುತ್ತೆ. ಅದಿಲ್ಲದಿದ್ದರೆ ಎರಡು ಗೇರು ಒಟ್ಟಿಗೆ ಬಿದ್ದು ಪೆಟ್ಟಿಗೆ ಬೀಗ ಹಾಕಿಕೊಳ್ಳುತ್ತೆ. ಗ್ರೀಸ್ ಹಚ್ಚಿ ಅಂಟಿಸಿ ಕೂರಿಸಿ, ಒಂದು ರಾಡ್ ನ್ಯೂಟ್ರಲ್‌ನಲ್ಲಿಟ್ಟು ಇನ್ನೊಂದನ್ನ ತೂರಿಸಿ. ಮುಚ್ಚಳ ಹಾಕುವ ಮುಂಚೆ ಒಂದು ಗೇರ್ ಹಾಕಿ ಇನ್ನೊಂದು ರಾಡನ್ನ ತಳ್ಳಿ ನೋಡಿ, ಅಲ್ಲಾಡಬಾರದು.

ಬೇರಿಂಗ್ ಮುಚ್ಚಳದ ಶಿಮ್, ಪೇಪರ್ ಗ್ಯಾಸ್ಕೆಟ್ ಎಷ್ಟು ದಪ್ಪ ಇತ್ತೋ ಅಷ್ಟೇ ಹಾಕಿ, ಶಾಫ್ಟಿನ ಆಟ ಅದರ ಮೇಲೇ ನಿಂತಿದೆ. ಸಿಲಿಕಾನ್ ಪೇಸ್ಟ್ ಬಳಿದು ಬಿಗಿ ಮಾಡಿದರೆ ಒಳಗೆ ಹಿಂಡಿ ಬಂದ ಎಳೆಗಳು ಕಿತ್ತುಕೊಂಡು ಹೈಡ್ರಾಲಿಕ್ ಜಾಳಿಗೆ ಹೋಗಿ ಕೂರುತ್ತವೆ.

—

ಮಡ್ಡಿ_ಡಬ್ಬ:

ಒಂದು ಸೇರಿಸ್ತೀನಿ. ಮೊದಲ 50 ಗಂಟೆ ಆದ ಮೇಲೆ ಮತ್ತೆ ಬಾಟಲಿಯಲ್ಲಿ ಸ್ವಲ್ಪ ಆಯಿಲ್ ಹಿಡಿದು ರಾತ್ರಿಯಿಡೀ ಇಟ್ಟು ತಳ ನೋಡಿ, ಮ್ಯಾಗ್ನೆಟ್ ಆಡಿಸಿ. ಪಡ್ಲಿಂಗ್ ಸೀಸನ್ನಿನಲ್ಲಿ ವಾರಕ್ಕೊಮ್ಮೆ ಡಿಪ್ ಸ್ಟಿಕ್ ಎತ್ತಿ ಬಣ್ಣ ನೋಡೋದು ಸಾಕು. ಮಟ್ಟ ತಾನಾಗಿ ಏರಿದ್ದರೆ ಖುಷಿ ಪಡಬೇಡಿ, ಅದು ನೀರು. ಸೀಸನ್ ಮುಗಿದು ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದರೆ ಪೆಡಲ್ ಒತ್ತಿದ ಸ್ಥಿತಿಯಲ್ಲಿ ಮರದ ತುಂಡು ಕೊಟ್ಟು ನಿಲ್ಲಿಸಿ, ಪ್ಲೇಟ್ ಫ್ಲೈವೀಲಿಗೆ ತುಕ್ಕು ಹಿಡಿದು ಅಂಟಲ್ಲ.

—

ಎಡದಂಡೆ_ಕಾಲುವೆ:

ಪೆಡಲ್ ಅರ್ಧ ಒತ್ತಿ ಮರ ಕೊಡಲಾ, ಪೂರ್ತಿನಾ?

—

ಮಡ್ಡಿ_ಡಬ್ಬ:

ಡಬಲ್ ಕ್ಲಚ್ ಅಲ್ಲವಾ, ಪೂರ್ತಿ. ಅರ್ಧ ಒತ್ತಿದರೆ ಪಿಟಿಒ ಪ್ಲೇಟ್ ಅಂಟಿಕೊಳ್ಳುತ್ತೆ.